ಸ್ಕ್ರ್ಯಾಪ್‌ಬುಕ್ ಪುಟಕ್ಕೆ ಫೋಟೊ ತಿದ್ದುವ ಕಲೆ

ಮನೆಮಂದಿಯ ಫೋಟೊಗಳನ್ನು ಬಸ್ಸಿನ ಟಿಕೆಟ್ಟು, ಪತ್ರದ ಚೂರು, ಆಮಂತ್ರಣ ಪತ್ರಿಕೆ, ಒಣಗಿದ ಎಲೆ, ಕೈಬರಹದ ಟಿಪ್ಪಣಿ ಇವುಗಳ ಜೊತೆ ಹಾಳೆಗೆ ಅಂಟಿಸಿ ನೆನಪಿನ ಪುಸ್ತಕ ಮಾಡುವ ಹವ್ಯಾಸಕ್ಕೆ ಸ್ಕ್ರ್ಯಾಪ್‌ಬುಕ್ ಎಂದು ಹೆಸರು. ಕತ್ತರಿ, ಗೋಂದು ಬಿಟ್ಟು ಇದನ್ನೇ ಕಂಪ್ಯೂಟರಿನಲ್ಲಿ ಮಾಡಿದರೆ ಅದು ಡಿಜಿಟಲ್ ಸ್ಕ್ರ್ಯಾಪ್‌ಬುಕ್. ಅದರಲ್ಲಿ ಕಲಾತ್ಮಕ ಪುಟ ಎಂಬ ಒಂದು ಕವಲು ಬೇರೆಯಾಗಿ ಬೆಳೆದಿದೆ. ಸಾಮಾನ್ಯ ಪುಟದಲ್ಲಿ ಫೋಟೊ ತನ್ನ ನಾಲ್ಕು ಮೂಲೆಗಳ ಸಮೇತ ಹಾಳೆಯ ಮೇಲೆ ಕೂತಿರುತ್ತದೆ. ಕಲಾತ್ಮಕ ಪುಟದಲ್ಲಿ ಅದು ಹಾಳೆಯೊಳಕ್ಕೆ ಇಂಗಿರುತ್ತದೆ: ಮುಖ ಸ್ಪಷ್ಟವಾಗಿ ಉಳಿದು, ಹೆಗಲಿನಿಂದಾಚೆ ಚಿತ್ರ ಬಣ್ಣದ ಕಲೆಯಾಗಿ, ಕಾಗದದ ನಾರಾಗಿ, ಬರಹದ ಸಾಲಾಗಿ ಕರಗಿಹೋಗುತ್ತದೆ.

ಈ ಕಲೆಯ ತಿರುಳು ಇರುವುದು ಫೋಟೊದ ಅಂಚಿನಲ್ಲಿ. ಫೋಟೊ ಎಲ್ಲಿ ಮುಗಿಯುತ್ತದೆ, ಹಾಳೆ ಎಲ್ಲಿ ಶುರುವಾಗುತ್ತದೆ ಎಂಬ ಒಂದೇ ಪ್ರಶ್ನೆಗೆ ಒಬ್ಬೊಬ್ಬರು ಕೊಡುವ ಉತ್ತರವೇ ಅವರವರ ಶೈಲಿ. ಬಣ್ಣ, ಅಲಂಕಾರ, ಅಕ್ಷರ ಎಲ್ಲವೂ ಅದಾದ ಮೇಲಿನ ಮಾತು.

ಹಿನ್ನೆಲೆ

ಪುಟದ ಮೇಲೆ ಚಿತ್ರ ಅಂಟಿಸುವ ಚಟ ಫೋಟೊಗ್ರಫಿಗಿಂತ ಹಳೆಯದು. ಇಂಗ್ಲೆಂಡಿನಲ್ಲಿ ಜೇಮ್ಸ್ ಗ್ರೇಂಜರ್ ಎಂಬ ಪಾದ್ರಿ 1769ರಲ್ಲಿ ತನ್ನ ದೇಶದ ಪ್ರಮುಖರ ಚರಿತ್ರೆಯನ್ನು ಪ್ರಕಟಿಸಿದಾಗ, ಓದುಗರು ಬೇರೆಡೆಯಿಂದ ಭಾವಚಿತ್ರದ ಮುದ್ರಣಗಳನ್ನು ತಂದು ಆ ಪುಸ್ತಕದೊಳಗೆ ಸೇರಿಸತೊಡಗಿದರು. ಹೀಗೆ ಪುಸ್ತಕ ಉಬ್ಬಿಸುವ ಕೆಲಸಕ್ಕೆ ಮುಂದೆ ಆತನ ಹೆಸರೇ ಕ್ರಿಯಾಪದವಾಯಿತು. ಅಂಟಿನ ಡಬ್ಬಿಯ ಕಾಟ ತಪ್ಪಿಸಲೆಂದು ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1873ರಲ್ಲಿ ಮೊದಲೇ ಗೋಂದು ಬಳಿದ ಹಾಳೆಗಳ ಸ್ಕ್ರ್ಯಾಪ್‌ಬುಕ್ಕಿಗೆ ಪೇಟೆಂಟ್ ಪಡೆದ.

ಇಂದಿನ ಕಲಾತ್ಮಕ ಪುಟದ ನಿಜವಾದ ಪೂರ್ವಜರು ಮಾತ್ರ ವಿಕ್ಟೋರಿಯಾ ಕಾಲದ ಇಂಗ್ಲಿಷ್ ಸಿರಿವಂತ ಮನೆತನಗಳ ಹೆಂಗಸರು. 1854ರಲ್ಲಿ ಪ್ಯಾರಿಸಿನ ಡಿಸ್ಡೇರಿ ಎಂಬ ಫೋಟೊಗ್ರಾಫರ್ ವಿಸಿಟಿಂಗ್ ಕಾರ್ಡಿನ ಅಳತೆಯ ಅಗ್ಗದ ಭಾವಚಿತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಮನೆಮನೆಗಳಲ್ಲಿ ಪುಟ್ಟ ಫೋಟೊಗಳ ರಾಶಿ ಬಿತ್ತು. 1860 ಮತ್ತು 70ರ ದಶಕಗಳಲ್ಲಿ ಈ ಹೆಂಗಸರು ಆ ಫೋಟೊಗಳಿಂದ ತಲೆಗಳನ್ನು ಕತ್ತರಿಸಿ, ತಾವೇ ಜಲವರ್ಣದಲ್ಲಿ ಬರೆದ ದೃಶ್ಯಗಳೊಳಗೆ ಕೂರಿಸಿದರು. ಕೇಟ್ ಗಾಫ್ ಎಂಬಾಕೆಯ ಆಲ್ಬಮ್ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಅದರ ಒಂದು ಪುಟದಲ್ಲಿ ಬಾತುಕೋಳಿಗಳಿಗೆ ಹೆಂಗಸರ ಮುಖಗಳಿವೆ. ಆಗ ವೇಲ್ಸ್ ರಾಜಕುಮಾರಿಯಾಗಿದ್ದ ಅಲೆಕ್ಸಾಂಡ್ರಾ ಕೂಡ ಇಂಥ ಪುಟಗಳನ್ನು ಮಾಡಿದ್ದಳು. ಕಲೆಯ ಚರಿತ್ರೆಯಲ್ಲಿ ಇವರ ಹೆಸರು ಬಹುಕಾಲ ಬರಲಿಲ್ಲ. 2009ರಲ್ಲಿ ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ ಈ ಪುಟಗಳದ್ದೇ ಒಂದು ಪ್ರದರ್ಶನ ನಡೆಸಿತು. ಬರ್ಲಿನ್ನಿನ ಹಾನ್ನಾ ಹ್ಯೋಖ್ 1919ರ ಹೊತ್ತಿಗೆ ಪತ್ರಿಕೆಗಳ ಫೋಟೊ ಕತ್ತರಿಸಿ ಮಾಡಿದ ದೊಡ್ಡ ಕೊಲಾಜನ್ನು ಆಧುನಿಕ ಕಲೆಯ ಮೈಲಿಗಲ್ಲು ಎನ್ನುತ್ತಾರೆ. ಅರ್ಧ ಶತಮಾನ ಮೊದಲೇ ಅದೇ ಕತ್ತರಿಯನ್ನು ಹಿಡಿದ ಈ ಹೆಂಗಸರಿಗೂ ಆ ಸಾಲಿನಲ್ಲಿ ಜಾಗ ಸಲ್ಲಬೇಕು.

ಭಾರತದಲ್ಲಿ ಇದಕ್ಕೆ ಹತ್ತಿರದ ಕೆಲಸ ನಡೆದದ್ದು ರಾಜಸ್ಥಾನದ ನಾಥದ್ವಾರದಲ್ಲಿ. ಅಲ್ಲಿನ ದೇವರು ಶ್ರೀನಾಥಜಿಯ ಸೇವೆಯನ್ನು ಚಿತ್ರಿಸುವ ಮನೋರಥ ಚಿತ್ರಗಳಲ್ಲಿ ಸೇವೆ ಮಾಡಿಸಿದ ಭಕ್ತರ ಮುಖಗಳೂ ಇರಬೇಕು. ಹತ್ತೊಂಬತ್ತನೆಯ ಶತಮಾನ ಮುಗಿಯುತ್ತಾ ಬಂದಂತೆ ಅಲ್ಲಿನ ಚಿತ್ರಕಾರರು ಆ ಮುಖಗಳನ್ನು ಬರೆಯುವ ಬದಲು ಫೋಟೊದಿಂದ ಕತ್ತರಿಸಿ ಅಂಟಿಸಿ, ಸುತ್ತಲಿನ ಉಡುಪು, ಒಡವೆ, ಗರ್ಭಗುಡಿಯನ್ನು ಬಣ್ಣದಲ್ಲಿ ತುಂಬಿದರು. ಕುತ್ತಿಗೆಯ ಹತ್ತಿರ ಫೋಟೊ ನಿಂತು ಬಣ್ಣ ಶುರುವಾಗುವ ಗೆರೆಯನ್ನು ಅವರು ಮುಚ್ಚಿದ ಜಾಣ್ಮೆ, ಚಿತ್ರದ ಭಾಗವನ್ನು ಮರೆಮಾಡುವ ಇಂದಿನ ಲೇಯರ್ ಮಾಸ್ಕಿನ ಕೆಲಸವೇ. ಕರ್ನಾಟಕದ ಹಳೆಯ ಮನೆಗಳ ಪಡಸಾಲೆಯಲ್ಲಿ ತೂಗುಹಾಕಿರುವ ಹಿರಿಯರ ಕಪ್ಪು-ಬಿಳುಪು ಭಾವಚಿತ್ರಗಳಲ್ಲಿ ಸೀರೆಯ ಅಂಚಿಗೆ, ಕುಂಕುಮಕ್ಕೆ, ಓಲೆಗೆ ಮಾತ್ರ ಬಣ್ಣ ಹಚ್ಚಿರುವುದನ್ನು ಅನೇಕರು ನೋಡಿರುತ್ತಾರೆ. ಸ್ಟುಡಿಯೋದ ಟಚಿಂಗ್ ಕೆಲಸದವರು ಚೂಪು ಪೆನ್ಸಿಲಿನಿಂದ ನೆಗೆಟಿವ್ ಮೇಲೆ ಮೊಡವೆ, ಸುಕ್ಕು ಮುಚ್ಚುತ್ತಿದ್ದರು. ಫೋಟೊ ತಿದ್ದುವುದು ಕಂಪ್ಯೂಟರ್ ತಂದ ಅಭ್ಯಾಸವಲ್ಲ.

ಈಗಿನ ರೂಪದ ಸ್ಕ್ರ್ಯಾಪ್‌ಬುಕ್ ಹವ್ಯಾಸ ಅಮೆರಿಕದ ಯೂಟಾ ರಾಜ್ಯದಲ್ಲಿ ಬಲಿತದ್ದು. ವಂಶಾವಳಿ ಬರೆದಿಡುವುದನ್ನು ಧಾರ್ಮಿಕ ಕರ್ತವ್ಯವಾಗಿ ಕಾಣುವ ಮಾರ್ಮನ್ ಸಮುದಾಯದ ಮೇರಿಲೆನ್ ಕ್ರಿಸ್ಟೆನ್‌ಸನ್ ಎಂಬಾಕೆ 1980ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ನಡೆದ ದಾಖಲೆಗಳ ವಿಶ್ವ ಸಮ್ಮೇಳನದಲ್ಲಿ ತಮ್ಮ ಮನೆಯ ಆಲ್ಬಮ್‌ಗಳನ್ನು ಪ್ರದರ್ಶಿಸಿದರು. ಅಲ್ಲಿಂದ ಮುಂದೆ ಅದು ದೊಡ್ಡ ವ್ಯಾಪಾರವೇ ಆಯಿತು. 12 ಇಂಚು ಉದ್ದ, 12 ಇಂಚು ಅಗಲದ ಚೌಕ ಹಾಳೆ ಪ್ರಮಾಣದ ಅಳತೆಯಾದದ್ದು ಈ ಕಾಲದಲ್ಲೇ. ಡಿಜಿಟಲ್ ಪುಟಗಳೂ ಅದೇ ಅಳತೆಯನ್ನು ಉಳಿಸಿಕೊಂಡಿವೆ.

ಫೋಟೊವನ್ನು ಮೊಟ್ಟಮೊದಲು ಕಂಪ್ಯೂಟರಿನೊಳಗೆ ಇಳಿಸಿದವನು ಅಮೆರಿಕದ ರಸೆಲ್ ಕರ್ಷ್, 1957ರಲ್ಲಿ. ಅವನು ಆರಿಸಿಕೊಂಡದ್ದು ತನ್ನ ಮೂರು ತಿಂಗಳ ಮಗುವಿನ ಚಿತ್ರವನ್ನು. ಸ್ಕ್ಯಾನ್ ಆಗಿ ಬಂದದ್ದು 176 ಸಾಲು, 176 ಕಂಬಗಳ ಚುಕ್ಕಿಗಳು. ಯಂತ್ರ ನೋಡಿದ ಮೊದಲ ಫೋಟೊವೂ ಆಲ್ಬಮ್ಮಿಗೆ ಸೇರುವಂಥದ್ದೇ ಆಗಿತ್ತೆಂಬುದು ಈ ವಿಷಯದಲ್ಲಿ ಆಸಕ್ತಿ ಇರುವವರಿಗೆ ಸಂತೋಷ ಕೊಡುವ ಸಂಗತಿ. ಥಾಮಸ್ ಮತ್ತು ಜಾನ್ ನೋಲ್ ಸೋದರರ ಫೋಟೊಶಾಪ್ ಎಂಬ ಚಿತ್ರ ತಿದ್ದುವ ತಂತ್ರಾಂಶ 1990ರಲ್ಲಿ ಮಾರುಕಟ್ಟೆಗೆ ಬಂತು. ಆದರೆ ಸ್ಕ್ರ್ಯಾಪ್‌ಬುಕ್ಕಿನವರ ಮಟ್ಟಿಗೆ ಮುಖ್ಯವಾದ ವರ್ಷ 1994: ಅದರ ಮೂರನೆಯ ಆವೃತ್ತಿಯಲ್ಲಿ ಲೇಯರುಗಳು, ಅಂದರೆ ಒಂದರ ಮೇಲೊಂದು ಇಡುವ ಬಿಡಿ ಪದರಗಳು, ಬಂದವು. ಅದಕ್ಕೆ ಮುಂಚೆ ಒಂದು ಚಿತ್ರವನ್ನು ಇನ್ನೊಂದರ ಮೇಲೆ ಅಂಟಿಸಿದರೆ ಅಂಟಿದ್ದೇ ಸೈ, ಮತ್ತೆ ಬಿಡಿಸುವಂತಿರಲಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ 1996ರಲ್ಲಿ ಬಿಡುಗಡೆ ಮಾಡಿದ ಗಿಂಪ್ ಎಂಬ ತಂತ್ರಾಂಶ ಇದೇ ಸೌಲಭ್ಯವನ್ನು ಹಣವಿಲ್ಲದೆ ಎಲ್ಲರಿಗೂ ಕೊಟ್ಟಿತು. 2001ರಲ್ಲಿ ಬಂದ ಫೋಟೊಶಾಪ್ ಎಲಿಮೆಂಟ್ಸ್ ಎಂಬ ಅಗ್ಗದ ಆವೃತ್ತಿ ಮನೆಯಲ್ಲಿ ಕೂತು ಪುಟ ಮಾಡುವವರ ಕೈಗೆ ಹತ್ತಿತು.

ಫೋಟೊವನ್ನು ಒಳಗೆ ತರುವುದು

ಅವಸರದಲ್ಲಿ ಈ ಹಂತವನ್ನು ಕೆಡಿಸಿಕೊಂಡರೆ ಮುಂದೆ ಯಾವ ಚಮತ್ಕಾರವೂ ಕೈಹಿಡಿಯದು. ಲೆಕ್ಕ ಸರಳವಾಗಿದೆ. ಮುದ್ರಣಕ್ಕೆ ಇಂಚಿಗೆ 300 ಚುಕ್ಕಿ ಬೇಕು. 12 ಇಂಚಿನ ಪುಟವೆಂದರೆ 3600 ಪಿಕ್ಸೆಲ್ ಉದ್ದ, 3600 ಅಗಲ. ಹಳೆಯ ಕಾಲದ 2 ಇಂಚು ಅಗಲ, 3 ಇಂಚು ಎತ್ತರದ ಚಿಕ್ಕ ಫೋಟೊವನ್ನು ಇಂಚಿಗೆ 600 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ ಸಿಗುವುದು 1200ಕ್ಕೆ 1800 ಪಿಕ್ಸೆಲ್, ಅಂದರೆ ಪುಟದ ಮೂರನೇ ಒಂದು ಭಾಗದಷ್ಟು ಅಗಲ. ಪುಟದ ಪೂರ್ತಿ ಎತ್ತರಕ್ಕೆ ಹರಡಬೇಕೆಂದಿದ್ದರೆ 1200ರಲ್ಲಿ ಸ್ಕ್ಯಾನ್ ಮಾಡಬೇಕು. ಮೊಬೈಲಿನ 12 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 4000ಕ್ಕೆ 3000 ಪಿಕ್ಸೆಲ್ ಇರುವುದರಿಂದ ಹೆಚ್ಚುಕಡಿಮೆ ಪುಟ ತುಂಬುತ್ತದೆ. ಆದರೆ ಅದೇ ಚಿತ್ರವನ್ನು ವಾಟ್ಸಾಪಿನಲ್ಲಿ ಸುಮ್ಮನೆ ಕಳಿಸಿಬಿಟ್ಟರೆ ಅರ್ಧಕ್ಕಿಂತ ಚಿಕ್ಕದಾಗಿ, ಹಿಂಡಿಹೋಗಿ ಬರುತ್ತದೆ. ಊರಿನಲ್ಲಿರುವ ಅಣ್ಣನಿಂದಲೋ ಚಿಕ್ಕಮ್ಮನಿಂದಲೋ ಹಳೆಯ ಫೋಟೊ ತರಿಸಿಕೊಳ್ಳುವಾಗ ಡಾಕ್ಯುಮೆಂಟ್ ಎಂದು ಕಳಿಸಲು ಹೇಳಬೇಕು. ಈ ಒಂದು ಮಾತನ್ನು ಹೇಳಲು ಮರೆತವರು ಕಳೆದುಕೊಳ್ಳುವ ವಿವರವನ್ನು ಯಾವ ಫಿಲ್ಟರೂ ಹಿಂತಿರುಗಿಸಲಾರದು.

ಅಂಟಿನ ಗೆರೆಗಳ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುವ ಆಲ್ಬಮ್‌ಗಳು ಫೋಟೊಗಳ ಶತ್ರು. ಅವುಗಳಿಂದ ಚಿತ್ರ ಎಬ್ಬಿಸುವಾಗ ಮೂಲೆ ಹಿಡಿದು ಎಳೆಯಬಾರದು. ಮೇಣವಿಲ್ಲದ ತೆಳು ದಾರವನ್ನು ಫೋಟೊದ ಹಿಂದೆ ತೂರಿಸಿ ಗರಗಸದಂತೆ ನಿಧಾನವಾಗಿ ಆಡಿಸಿದರೆ ಬಿಟ್ಟುಕೊಳ್ಳುತ್ತದೆ. ಮಳೆಗಾಲದ ತೇವಕ್ಕೆ ಚೌಕಟ್ಟಿನ ಗಾಜಿಗೇ ಅಂಟಿಕೊಂಡ ಫೋಟೊವನ್ನು ಬಿಡಿಸುವ ಸಾಹಸಕ್ಕೆ ಹೋಗದೆ ಗಾಜಿನ ಸಮೇತ ಸ್ಕ್ಯಾನ್ ಮಾಡುವುದು ಕ್ಷೇಮ. ರೇಷ್ಮೆಯಂತೆ ಉಬ್ಬುತಗ್ಗಿನ ಮೈಯಿರುವ ಪ್ರಿಂಟುಗಳು ಸ್ಕ್ಯಾನರಿನಲ್ಲಿ ಜೇನುಗೂಡಿನ ಹಾಗೆ ಹೊಳೆಯುತ್ತವೆ. ಅವನ್ನು ಒಮ್ಮೆ ನೇರವಾಗಿ, ಒಮ್ಮೆ ತಲೆಕೆಳಗಾಗಿ ಸ್ಕ್ಯಾನ್ ಮಾಡಿ, ಎರಡನ್ನೂ ಒಂದರ ಮೇಲೊಂದು ಹೊಂದಿಸಿ ಮೇಲಿನದನ್ನು ಅರ್ಧ ಪಾರದರ್ಶಕ ಮಾಡಿದರೆ ಹೊಳಪು ಬಹುಪಾಲು ಅಳಿಸಿಹೋಗುತ್ತದೆ.

ಫೋಟೊದ ಹಿಂಬದಿಯನ್ನೂ ಸ್ಕ್ಯಾನ್ ಮಾಡಬೇಕು. ಸ್ಟುಡಿಯೋದ ರಬ್ಬರ್ ಮೊಹರು, ಮಾಸಿದ ಶಾಯಿಯ ತಾರೀಖು, ಅಂಟಿನ ಕಂದು ಕಲೆ ಇವೆಲ್ಲ ಪುಟಕ್ಕೆ ಬೇಕಾಗುವ ಸಾಮಗ್ರಿ. ಮಾರಾಟಕ್ಕೆ ಸಿಗುವ, ಟೆಕ್ಸ್‌ಚರ್ ಎಂಬ ಸಾವಿರ ಮೇಲ್ಮೈ ಚಿತ್ರಗಳಿಗಿಂತ ಈ ಒಂದು ಹಿಂಬದಿ ಮೇಲು, ಏಕೆಂದರೆ ಅದು ಇದೇ ಫೋಟೊದ ಬೆನ್ನು.

ಬೆಳಕು, ಬಣ್ಣ ಸರಿಪಡಿಸುವುದು

ಕರಗಿಸುವ ಕೆಲಸಕ್ಕೆ ಮುಂಚೆ ಚಿತ್ರದ ಬೆಳಕು ನೆಟ್ಟಗಿರಬೇಕು. ಹಿಸ್ಟೋಗ್ರಾಮ್ ಎಂಬ ನಕ್ಷೆಯಲ್ಲಿ ಎಡತುದಿ ಕಪ್ಪು, ಬಲತುದಿ ಬಿಳುಪು. ಮಾಸಿದ ಫೋಟೊದ ಗುಡ್ಡ ನಡುವೆ ಮಾತ್ರ ಎದ್ದಿರುತ್ತದೆ. ಲೆವೆಲ್ಸ್ ಎಂಬ ಸಾಧನದ ಎರಡು ತುದಿಯ ಗುಂಡಿಗಳನ್ನು ಗುಡ್ಡದ ಬುಡಕ್ಕೆ ತಂದರೆ ಚಿತ್ರ ಉಸಿರಾಡುತ್ತದೆ.

1970, 80ರ ದಶಕಗಳ ಬಣ್ಣದ ಪ್ರಿಂಟುಗಳು ಕತ್ತಲ ಪೆಟ್ಟಿಗೆಯಲ್ಲಿದ್ದೂ ಕೆಂಪಾಗಿರುವುದಕ್ಕೆ ಕಾರಣ ರಸಾಯನದ್ದು. ಪ್ರಿಂಟಿನಲ್ಲಿರುವ ಮೂರು ವರ್ಣದ್ರವ್ಯಗಳ ಪೈಕಿ ಆಗಿನ ಕಾಗದಗಳಲ್ಲಿ ಹಸಿರುನೀಲಿಯದು ಎಲ್ಲಕ್ಕಿಂತ ಮೊದಲು ಕ್ಷಯಿಸುತ್ತದೆ. ಕೆಂಪು ಬೆಳಕನ್ನು ತಡೆಯುವುದು ಆ ದ್ರವ್ಯದ ಕೆಲಸ. ಅದು ಹೋದರೆ ಕೆಂಪು ಎಲ್ಲೆಡೆ ಸೋರುತ್ತದೆ. ಆದ್ದರಿಂದ ಒಟ್ಟು ಬಣ್ಣದ ಗುಂಡಿ ತಿರುಗಿಸುವುದು ಪರಿಹಾರವಲ್ಲ. ಲೆವೆಲ್ಸ್‌ನಲ್ಲಿ ಕೆಂಪು ಚಾನೆಲ್ ಒಂದನ್ನೇ ತೆರೆದು ಅದರ ಕಪ್ಪು ಗುಂಡಿಯನ್ನು ಬಲಕ್ಕೆ ಸರಿಸಿದರೆ ಕಳೆದುಹೋದ ನೆರಳು ಮರಳುತ್ತದೆ, ಸೀರೆಯ ಹಸಿರು ಹಸಿರಾಗುತ್ತದೆ. ಆ ಕ್ಷಣವನ್ನು ನೋಡಿದವರು ಮರೆಯುವುದಿಲ್ಲ.

ಗೀರು, ಬೂಷ್ಟು, ಮಡಿಕೆಯ ಗುರುತುಗಳನ್ನು ಹೀಲಿಂಗ್ ಬ್ರಷ್ ಮತ್ತು ಕ್ಲೋನ್ ಸ್ಟಾಂಪಿನಿಂದ ಮುಚ್ಚುತ್ತಾರೆ. ಎಷ್ಟು ಮುಚ್ಚಬೇಕೆಂಬುದರಲ್ಲಿ ಸಂಯಮ ಬೇಕು. ಮುಖದ ಮೇಲಿನ ಗೀರು ಹೋಗಲಿ, ಅಂಚಿನ ಹರಕು ಇರಲಿ. ಕಲಾತ್ಮಕ ಪುಟಕ್ಕೆ ಅದು ಕೈಗೆ ಬಂದ ಸಿದ್ಧ ಅಂಚು.

ಮಾಸ್ಕ್: ಅಂಚಿನ ಕೆಲಸ

ಲೇಯರ್ ಎಂದರೆ ಪಾರದರ್ಶಕ ಹಾಳೆಗಳ ಕಟ್ಟು ಎಂದುಕೊಳ್ಳಬಹುದು. ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳ ಜೊತೆ ‘ಎಷ್ಟು ಕಾಣಬೇಕು’ ಎಂಬ ನಾಲ್ಕನೆಯ ಸಂಖ್ಯೆಯೂ ಇರುತ್ತದೆ. ಆಲ್ಫಾ ಎಂದು ಕರೆಯುವ ಈ ಸಂಖ್ಯೆಯನ್ನು ಬಳಸಿ ಚಿತ್ರಗಳನ್ನು ಒಂದರ ಮೇಲೊಂದು ಬೆರೆಸುವ ಬೀಜಗಣಿತವನ್ನು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ಕ್ರಮವಾಗಿ ನಿರೂಪಿಸಿದರು. ಲೇಯರ್ ಮಾಸ್ಕ್ ಎಂಬುದು ಈ ನಾಲ್ಕನೆಯ ಸಂಖ್ಯೆಯನ್ನು ಕೈಯಲ್ಲಿ ಬರೆಯುವ ಹಾಳೆ. ಅದರ ಮೇಲೆ ಬಿಳಿ ಬಳಿದರೆ ಫೋಟೊ ಕಾಣುತ್ತದೆ, ಕಪ್ಪು ಬಳಿದರೆ ಮರೆಯಾಗುತ್ತದೆ, ಬೂದು ಬಳಿದಷ್ಟು ಅರೆಬರೆ ಇಣುಕುತ್ತದೆ. ಅಳಿಸುವ ರಬ್ಬರಿಗೂ ಮಾಸ್ಕಿಗೂ ಇರುವ ಅಂತರ ದೊಡ್ಡದು. ರಬ್ಬರ್ ಫೋಟೊವನ್ನು ತಿನ್ನುತ್ತದೆ. ಮಾಸ್ಕ್ ಅದನ್ನು ಮುಚ್ಚುತ್ತದೆ ಅಷ್ಟೆ, ಬೇಕೆಂದಾಗ ಬಿಳಿ ಬಳಿದು ವಾಪಸು ಪಡೆಯಬಹುದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸ್ಟುಡಿಯೋದಲ್ಲಿ ತೆಗೆಸಿದ ಅಜ್ಜಿಯೊಬ್ಬರ ಹರೆಯದ ಕಪ್ಪು-ಬಿಳುಪು ಫೋಟೊ. ಹಿಂದೆ ಬಣ್ಣದವರು ಬರೆದ ತೋಟದ ಪರದೆ, ಪಕ್ಕದಲ್ಲಿ ಎತ್ತರದ ಮೇಜು, ಅದರ ಮೇಲೆ ಕಾಗದದ ಹೂವಿನ ಹೂದಾನಿ. ಒಂದು ಕೈ ಮೇಜಿನ ಮೇಲಿದೆ. ತಲೆಗೂದಲು ಎಣ್ಣೆ ಹಾಕಿ ಬಾಚಿದ್ದರೂ ಕಿವಿಯ ಹತ್ತಿರ ಎರಡು ಎಳೆ ಬಿಟ್ಟುಕೊಂಡಿದೆ. ಹೊಸಬರು ಮಾಡುವ ಕೆಲಸವೆಂದರೆ ಅಜ್ಜಿಯ ಆಕೃತಿಯ ಸುತ್ತ ಕತ್ತರಿಯಾಡಿಸಿದ ಹಾಗೆ ಗೆರೆ ಎಳೆದು ಪರದೆಯನ್ನು ತೆಗೆದುಹಾಕುವುದು. ಆಗ ಆ ಎರಡು ಎಳೆ ಕೂದಲು ಹೋಗುತ್ತದೆ, ಆಕೃತಿ ರಟ್ಟಿನ ಬೊಂಬೆಯಂತೆ ನಿಲ್ಲುತ್ತದೆ.

ಬಲ್ಲವರು ಮಾಸ್ಕನ್ನು ಇಡಿಯಾಗಿ ಕಪ್ಪು ತುಂಬಿಕೊಂಡು ಶುರುಮಾಡುತ್ತಾರೆ. ಪುಟ ಖಾಲಿ ಕಾಣುತ್ತದೆ. ಆಮೇಲೆ ದೊಡ್ಡ, ಮೆತ್ತನೆಯ ಬಿಳಿ ಬ್ರಷ್ಷನ್ನು ನೂರಕ್ಕೆ ಇಪ್ಪತ್ತರಷ್ಟು ಸಾಂದ್ರತೆಯಲ್ಲಿ ಹಿಡಿದು ಮುಖ ಇರುವ ಜಾಗದಲ್ಲಿ ಒತ್ತುತ್ತಾರೆ. ಮುಖ ಮಂಜಿನಿಂದ ಬಂದ ಹಾಗೆ ಬರುತ್ತದೆ. ಕಣ್ಣು, ಮೂಗುಬೊಟ್ಟು, ತುಟಿಗೆ ಹೆಚ್ಚು ಸಲ. ಕಿವಿ, ಜಡೆಗೆ ಕಡಿಮೆ. ನಂತರ ಮೆತ್ತನೆಯ ಬ್ರಷ್ ಬಿಟ್ಟು ಒಣ ಕುಂಚದ, ಜಲವರ್ಣದ ಚೆಲ್ಲಿನ, ಸೀಳಿದ ಕಾಗದದ ಆಕಾರದ ಬ್ರಷ್ಷುಗಳಿಂದ ಹೊರಗಿನ ಅಂಚು ಬಿಡಿಸುತ್ತಾರೆ. ಮಂಜಿನ ಅಂಚೊಂದೇ ಆದರೆ ಚಿತ್ರ ಕನಸಿನ ದೃಶ್ಯದಂತೆ ಸಪ್ಪೆಯಾಗುತ್ತದೆ. ಒಂದು ಕಡೆ ಮಂಜು, ಒಂದು ಕಡೆ ಗಡಸು ಹರಕು ಇದ್ದರೆ ಮಾತ್ರ ಕಣ್ಣಿಗೆ ಕಾಗದದ ಭಾವನೆ ಬರುತ್ತದೆ. ಮೇಜಿನ ಮೇಲಿನ ಕೈಯನ್ನು ಬಿಡಬಾರದು. ಮುಖದಷ್ಟೇ ಸ್ಪಷ್ಟವಾಗಿ, ಬೆರಳಿನ ಉಂಗುರದ ಸಮೇತ ಅದನ್ನು ಉಳಿಸಿಕೊಂಡು ನಡುವಿನ ತೋಳನ್ನು ಅರ್ಧಕ್ಕೆ ಇಳಿಸಿದರೆ ಕಣ್ಣು ಮುಖದಿಂದ ಕೈಗೆ ತಾನೇ ದಾರಿ ಹಿಡಿಯುತ್ತದೆ. ಬಣ್ಣದವರು ಬರೆದ ತೋಟದಲ್ಲಿ ಒಂದು ಬಳ್ಳಿಯನ್ನಾದರೂ ನೂರಕ್ಕೆ ಮೂವತ್ತರಷ್ಟು ಉಳಿಸಿದರೆ ಅದು ಯಾವ ಕಾಲದ ಫೋಟೊ ಎಂಬುದನ್ನು ಹೇಳುವವರಾರೂ ಬೇಕಿಲ್ಲ.

ಕ್ಲಿಪಿಂಗ್ ಮಾಸ್ಕ್ ಇನ್ನೊಂದು ದಾರಿ. ಕೆಳಗಿನ ಲೇಯರಿನಲ್ಲಿ ಯಾರೋ ನಿಜವಾದ ಶಾಯಿಯಿಂದ ಬಳಿದು ಸ್ಕ್ಯಾನ್ ಮಾಡಿದ ಕಲೆಯ ಆಕಾರವಿಟ್ಟು, ಮೇಲಿನ ಫೋಟೊವನ್ನು ಅದಕ್ಕೆ ಕ್ಲಿಪ್ ಮಾಡಿದರೆ ಫೋಟೊ ಆ ಆಕಾರದಷ್ಟೇ ಕಾಣುತ್ತದೆ. ಬೇಗ ಮುಗಿಯುತ್ತದೆ, ಚೆಂದವೂ ಕಾಣುತ್ತದೆ. ಆದರೆ ಸಿದ್ಧ ಆಕಾರಕ್ಕೆ ಈ ಫೋಟೊದಲ್ಲಿ ಕೈ ಎಲ್ಲಿದೆ ಎಂಬುದು ಗೊತ್ತಿರುವುದಿಲ್ಲ. ಅದನ್ನು ಮೊದಲ ಹೆಜ್ಜೆಯಾಗಿ ಇಟ್ಟುಕೊಂಡು ಮೇಲೆ ಕೈಯಿಂದ ತಿದ್ದುವುದು ಒಳ್ಳೆಯದು.

ಬ್ಲೆಂಡ್ ಮೋಡ್

ಅಂಚು ಕರಗಿದ ಮೇಲೂ ಫೋಟೊ ಹಾಳೆಯ ಮೇಲೆ ತೇಲುತ್ತಿರುವಂತೆ ಕಂಡರೆ ಅದಕ್ಕೆ ಹಾಳೆಯ ಮೈ ಬಂದಿಲ್ಲವೆಂದು ಅರ್ಥ. ಇಲ್ಲಿ ನೆರವಿಗೆ ಬರುವುದು ಮೇಲಿನ ಲೇಯರನ್ನು ಕೆಳಗಿನದರೊಂದಿಗೆ ಬೆರೆಸುವ ಲೆಕ್ಕ, ಅಂದರೆ ಬ್ಲೆಂಡ್ ಮೋಡ್. ಹೆಸರುಗಳು ಎರಡು ಡಜನ್ನಿಗೂ ಹೆಚ್ಚಿವೆ. ದಿನಬಳಕೆಗೆ ನಾಲ್ಕು ಸಾಕು.

ಮಲ್ಟಿಪ್ಲೈ ಹೆಸರೇ ಹೇಳುವಂತೆ ಗುಣಾಕಾರ. ಕಪ್ಪನ್ನು 0, ಬಿಳಿಯನ್ನು 1 ಎಂದುಕೊಂಡರೆ ಮೇಲಿನ ಚುಕ್ಕಿಯನ್ನು ಕೆಳಗಿನದರಿಂದ ಗುಣಿಸುತ್ತದೆ. ಬಿಳಿಯಿಂದ ಗುಣಿಸಿದರೆ ಕೆಳಗಿನದು ಇದ್ದ ಹಾಗೇ ಇರುತ್ತದೆ. ಅರ್ಧ ಬೂದು ಅರ್ಧ ಬೂದಿನ ಮೇಲೆ ಬಿದ್ದರೆ ಕಾಲು ಭಾಗ ಬೆಳಕು ಉಳಿಯುತ್ತದೆ. ಬಿಳಿ ಕಾಗದದ ಮೇಲೆ ಶಾಯಿ ಬಿದ್ದಾಗ ಆಗುವುದು ಇದೇ. ಹಾಗಾಗಿ ಅಜ್ಜಿಯ ಫೋಟೊದ ಹಿಂಬದಿಯ ಸ್ಕ್ಯಾನನ್ನು ಫೋಟೊದ ಮೇಲೆ ಮಲ್ಟಿಪ್ಲೈನಲ್ಲಿ ಇಟ್ಟರೆ ಕಾಗದದ ಬಿಳುಪು ಮಾಯವಾಗಿ ಮೊಹರು, ತಾರೀಖು, ಕಂದು ಕಲೆ ಮಾತ್ರ ಅವರ ಸೆರಗಿನ ಮೇಲೆ ಇಳಿಯುತ್ತವೆ. ಸ್ಕ್ರೀನ್ ಇದರ ಬೋರಲು: ಕಪ್ಪು ಮಾಯವಾಗಿ ಬೆಳಕು ಕೂಡುತ್ತದೆ. ದೀಪಾವಳಿಯ ರಾತ್ರಿಯ ಸುರುಸುರುಬತ್ತಿಯ ಫೋಟೊವನ್ನು ಸ್ಕ್ರೀನ್‌ನಲ್ಲಿ ಹರಡಿದರೆ ಕಿಡಿಗಳಷ್ಟೇ ಉಳಿಯುತ್ತವೆ. ಓವರ್‌ಲೇ ಕಪ್ಪನ್ನು ಕಪ್ಪಾಗಿಸುತ್ತದೆ, ಬಿಳಿಯನ್ನು ಬಿಳಿಯಾಗಿಸುತ್ತದೆ. ಕ್ಯಾನ್‌ವಾಸಿನ ನೇಯ್ಗೆ, ಗೋಡೆಯ ಸುಣ್ಣದ ಬಿರುಕು ಇಂಥ ಮೈಗಳನ್ನು ಫೋಟೊಗೆ ತೊಡಿಸುವುದಕ್ಕೆ ಇದು ಸರಿ. ಸಾಫ್ಟ್ ಲೈಟ್ ಅದರದೇ ಮೆದು ರೂಪ. ಮುಖದ ಮೇಲೆ ಬಿದ್ದ ಟೆಕ್ಸ್‌ಚರನ್ನು ಮಾತ್ರ ಅದರದೇ ಮಾಸ್ಕಿನಿಂದ ತೆಗೆಯಬೇಕು. ಗೋಡೆಯ ಬಿರುಕು ಕೆನ್ನೆಯ ಮೇಲೆ ಹಾದರೆ ಗಾಯದಂತೆ ಕಾಣುತ್ತದೆ.

ಬಣ್ಣಗಳನ್ನು ಹೊರಗಿನಿಂದ ತರುವುದಕ್ಕಿಂತ ಫೋಟೊದೊಳಗಿಂದಲೇ ಐಡ್ರಾಪರ್ ಇಟ್ಟು ಎತ್ತಿಕೊಳ್ಳುವುದು ಹಿಂದಿನಿಂದ ಬಂದ ಒಳ್ಳೆಯ ರೂಢಿ. ಎರಡು ಬಣ್ಣ ಫೋಟೊದ್ದು, ಒಂದು ಎದ್ದು ಕಾಣುವಂಥದ್ದು ಎಂದು ನಿಯಮ ಮಾಡಿಕೊಂಡರೆ ಪುಟ ಜಾತ್ರೆಯಾಗುವುದು ತಪ್ಪುತ್ತದೆ. ನೆರಳಿನ ವಿಷಯದಲ್ಲಿ ಒಂದೇ ಮಾತು: ಗುಂಡಿ, ದಾರ, ಟಿಕೆಟ್ಟು ಯಾವುದಕ್ಕೇ ಆಗಲಿ ನೆರಳು ಒಂದೇ ದಿಕ್ಕಿಗೆ ಬೀಳಬೇಕು, ಹಾಳೆಯೊಳಗೆ ಕರಗಿದ ಫೋಟೊಗೆ ನೆರಳು ಇರಲೇಕೂಡದು.

ಕನ್ನಡ ಅಕ್ಷರದ ತೊಡಕು

ಪುಟದ ಮೇಲಿನ ಬರಹ ಕನ್ನಡದಲ್ಲಿದ್ದರೆ ಒಂದು ಎಚ್ಚರ ಬೇಕು. ಯೂನಿಕೋಡ್ ಕನ್ನಡದಲ್ಲಿ ‘ಸ್ತ್ರೀ’ ಎಂಬ ಒಂದು ಅಕ್ಷರ ಆರು ಸಂಕೇತಗಳ ಸಾಲು. ಅವನ್ನು ಕೂಡಿಸಿ ಒತ್ತಕ್ಷರ ಕಟ್ಟುವ ಕೆಲಸ ತಂತ್ರಾಂಶದ್ದು. ಆ ಸಾಮರ್ಥ್ಯವಿಲ್ಲದ ತಂತ್ರಾಂಶದಲ್ಲಿ ಒತ್ತು ಬಿಚ್ಚಿಕೊಂಡು ಪಕ್ಕಕ್ಕೆ ನಿಲ್ಲುತ್ತದೆ. ಫೋಟೊಶಾಪಿನ ಹಳೆಯ ಆವೃತ್ತಿಗಳಲ್ಲಿ ಅಕ್ಷರದ ಸೆಟ್ಟಿಂಗಿಗೆ ಹೋಗಿ ದಕ್ಷಿಣ ಏಷ್ಯಾ ಲಿಪಿಗಳ ಜೋಡಣೆಯನ್ನು ಆರಿಸಿಕೊಂಡರೆ ಸರಿಹೋಗುತ್ತದೆ. ಗಿಂಪ್ ತಾನಾಗಿಯೇ ಸರಿ ಜೋಡಿಸುತ್ತದೆ. ಫ್ಲೆಕ್ಸ್ ಮತ್ತು ಆಲ್ಬಮ್ ಅಂಗಡಿಗಳಲ್ಲಿ ಈಗಲೂ ನುಡಿ, ಬರಹ ತಂತ್ರಾಂಶಗಳ ಹಳೆಯ ಸಂಕೇತದ ಫಾಂಟುಗಳು ಓಡುತ್ತವೆ. ಅವು ಚೆನ್ನಾಗಿ ಕಾಣುತ್ತವಾದರೂ ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಅಕ್ಷರಗಳು ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗುತ್ತವೆ. ಇಪ್ಪತ್ತು ವರ್ಷ ಬಾಳಬೇಕಾದ ಪುಟಕ್ಕೆ ಯೂನಿಕೋಡೇ ಬೇಕು. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು ಇರುವುದರಿಂದ ಸಾಲುಗಳ ನಡುವಿನ ಅಂತರವನ್ನು ಅಕ್ಷರದ ಎತ್ತರದ ಒಂದೂವರೆ ಪಟ್ಟಿನ ಹತ್ತಿರ ಇಡಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಮನೆಯ ಹಿರಿಯರ ಕೈಬರಹ ಸಿಕ್ಕರೆ ಯಾವ ಫಾಂಟೂ ಬೇಡ. ಸಾಮಾನಿನ ಚೀಟಿಯಾದರೂ ಸರಿ, ಸ್ಕ್ಯಾನ್ ಮಾಡಿ ಮಲ್ಟಿಪ್ಲೈನಲ್ಲಿ ಇಟ್ಟರೆ ಆಯಿತು.

ಮದುವೆ ಆಲ್ಬಮ್ ಮತ್ತು ಸ್ಕ್ರ್ಯಾಪ್‌ಬುಕ್

ನಮ್ಮಲ್ಲಿ ಫೋಟೊ ಕರಗಿಸುವ ಕೆಲಸವನ್ನು ಅತಿ ಹೆಚ್ಚು ಮಾಡುವವರು ಮದುವೆಯ ಕರಿಜ್ಮಾ ಆಲ್ಬಮ್ ಮಾಡುವ ಡಿಸೈನರುಗಳು. 12 ಇಂಚು ಎತ್ತರ, 36 ಇಂಚು ಅಗಲದ ಹರವಿನಲ್ಲಿ ವಧುವರರ ದೊಡ್ಡ ಮುಖಗಳು ಮೋಡದೊಳಗೋ ಗುಲಾಬಿಯೊಳಗೋ ಕರಗಿರುತ್ತವೆ. ತಂತ್ರ ಇದೇ ಮಾಸ್ಕ್, ಇದೇ ಬ್ಲೆಂಡ್ ಮೋಡ್. ಒಂದು ಸೀಸನ್ನಿನಲ್ಲಿ ಹತ್ತಾರು ಮದುವೆ ಮುಗಿಸಬೇಕಾದ ಅವರು ಫೋಟೊಶಾಪಿನ ಸಿದ್ಧ ಪಿಎಸ್‌ಡಿ ಟೆಂಪ್ಲೇಟಿನಲ್ಲಿ ಫೋಟೊ ಬದಲಿಸುತ್ತಾ ಹೋಗಲೇಬೇಕು, ಆ ವೇಗದಲ್ಲಿ ಅವರ ಕೈಯ ನುರಿತ ಬಗೆ ಮೆಚ್ಚುವಂಥದ್ದು. ಆದರೆ ಶಿರಸಿಯ ಮದುವೆಗೂ ರಾಯಚೂರಿನ ಮದುವೆಗೂ ಒಂದೇ ಗುಲಾಬಿ ಬಿದ್ದಿರುತ್ತದೆ. ಸ್ಕ್ರ್ಯಾಪ್‌ಬುಕ್ ಮಾಡುವವರಿಗೆ ಅಂಥ ಅವಸರವಿಲ್ಲ. ಒಂದು ಪುಟಕ್ಕೆ ಒಂದು ವಾರ ಹಿಡಿದರೂ ಕೇಳುವವರಿಲ್ಲ; ಹಿನ್ನೆಲೆಗೆ ಗುಲಾಬಿಯ ಬದಲು ಆ ಮದುವೆಯದೇ ಚಪ್ಪರದ ತೆಂಗಿನ ಗರಿಯ ನೆರಳನ್ನು ತರಬಹುದು.

ಮುಖವನ್ನು ಮುಟ್ಟುವ ಪ್ರಶ್ನೆ

ಕೃತಕ ಬುದ್ಧಿಮತ್ತೆಯ ಸಾಧನಗಳು ಈ ಕ್ಷೇತ್ರಕ್ಕೂ ಬಂದಿವೆ. 2023ರಲ್ಲಿ ಫೋಟೊಶಾಪಿಗೆ ಸೇರಿದ ಜನರೇಟಿವ್ ಫಿಲ್ ಬರಹದ ಸೂಚನೆ ಕೊಟ್ಟರೆ ಇಲ್ಲದ ಹಿನ್ನೆಲೆಯನ್ನು ಬರೆದುಕೊಡುತ್ತದೆ. ಹರಿದುಹೋದ ಪರದೆಯ ಮೂಲೆ ತುಂಬಲು, ಚಿತ್ರದ ಬದಿಗೆ ನಾಲ್ಕು ಬೆರಳು ಜಾಗ ಬೆಳೆಸಲು ಇದು ನಿಜಕ್ಕೂ ಉಪಕಾರಿ. ಮಸುಕಾದ ಮುಖವನ್ನು ‘ಸ್ಪಷ್ಟ’ಗೊಳಿಸುವ ಸಾಧನಗಳ ಮಾತು ಬೇರೆ. ಅವು ಅಳಿಸಿದ ವಿವರವನ್ನು ಮರಳಿ ತರುವುದಿಲ್ಲ, ತರಲು ಸಾಧ್ಯವೂ ಇಲ್ಲ; ಲಕ್ಷಾಂತರ ಬೇರೆ ಮುಖಗಳಿಂದ ಕಲಿತದ್ದನ್ನು ಆಧರಿಸಿ ಹೀಗಿದ್ದಿರಬಹುದೆಂಬ ಒಂದು ಮುಖವನ್ನು ಹೊಸದಾಗಿ ಬರೆಯುತ್ತವೆ. ಫಲಿತಾಂಶದಲ್ಲಿ ರೆಪ್ಪೆಗೂದಲು ಎಣಿಸುವಷ್ಟು ಸ್ಪಷ್ಟ. ಆದರೆ ಆ ಕಣ್ಣು ನಮ್ಮ ಅಜ್ಜಿಯದಲ್ಲ. ಅವರನ್ನು ನೋಡಿದ್ದವರಿಗೆ ಕೂಡಲೇ ತಿಳಿಯುತ್ತದೆ, ನೋಡದ ಮೊಮ್ಮಕ್ಕಳು ಅದನ್ನೇ ಅಜ್ಜಿಯೆಂದು ನಂಬುತ್ತಾರೆ. ನೆನಪಿನ ಪುಸ್ತಕದಲ್ಲಿ ಹೀಗಾಗಕೂಡದು. ಮಸುಕು ಮುಖ ಮಸುಕಾಗಿಯೇ ಇರಲಿ. ಕಲಾತ್ಮಕ ಪುಟದಲ್ಲಿ ಮಸುಕಿಗೂ ಚೆಂದದ ಜಾಗವಿದೆ. ಮೈಬಣ್ಣವನ್ನು ತಿಳಿಗೊಳಿಸುವ ಹಳೆಯ ಸ್ಟುಡಿಯೋ ಚಾಳಿಯನ್ನೂ ಇಲ್ಲಿಗೆ ತರಬಾರದು. ಕಪ್ಪಗಿದ್ದವರನ್ನು ಅವರ ಮನೆಯವರ ಆಲ್ಬಮ್ಮಿನಲ್ಲೇ ಬೆಳ್ಳಗೆ ಮಾಡುವುದು ಅವರಿಗೆ ಮಾಡುವ ಅವಮಾನ.

ಮುದ್ರಣ ಮತ್ತು ಕಾಪಿಡುವುದು

3600 ಪಿಕ್ಸೆಲಿನ ಚೌಕದ ಒಂದು ಲೇಯರ್, ಒತ್ತಿ ಚಿಕ್ಕದು ಮಾಡದಿದ್ದರೆ, ಸುಮಾರು 52 ಮೆಗಾಬೈಟ್ ಜಾಗ ಹಿಡಿಯುತ್ತದೆ. ಇಪ್ಪತ್ತು ಲೇಯರಿಗೆ ಅದು 1000 ದಾಟುತ್ತದೆ. ಮೆಮೊರಿ ಕಡಿಮೆಯಿರುವ ಕಂಪ್ಯೂಟರ್ ಏದುಸಿರು ಬಿಡುವುದು ಇದಕ್ಕೇ. ಆದರೂ ಲೇಯರ್‌ಗಳನ್ನು ಒಂದಾಗಿಸಿ ಮೂಲವನ್ನು ಎಸೆಯಬಾರದು. ಲೇಯರ್ ಸಮೇತ ಒಂದು ಪ್ರತಿ, ಮುದ್ರಣಕ್ಕೆ ಜೆಪೆಗ್‌ನಲ್ಲಿ ಒಂದು ಪ್ರತಿ ಇರಬೇಕು. ಜೆಪೆಗ್ ಪ್ರತಿ ಸಲ ತಿದ್ದಿ ಉಳಿಸಿದಾಗಲೂ ಚೂರು ವಿವರ ಕಳೆದುಕೊಳ್ಳುವುದರಿಂದ ಅದರ ಮೇಲೆಯೇ ಮತ್ತೆ ಮತ್ತೆ ಕೆಲಸ ಮಾಡುವಂತಿಲ್ಲ.

ಕತ್ತರಿಸುವ ಯಂತ್ರ ಕೂದಲೆಳೆ ಆಚೀಚೆ ಆಗುತ್ತದಾದ್ದರಿಂದ ನಾಲ್ಕೂ ಕಡೆ 3 ಮಿಲಿಮೀಟರಿನಷ್ಟು ಹಿನ್ನೆಲೆಯನ್ನು ಹೊರಗೆ ಚಾಚಿಡಬೇಕು. ಮುಖ, ಅಕ್ಷರಗಳನ್ನು ಅಂಚಿನಿಂದ ಅರ್ಧ ಇಂಚು ಒಳಗೆ ಇಡಬೇಕು. ಪರದೆ ಬೆಳಕು ಸೂಸುತ್ತದೆ, ಕಾಗದ ಸೂಸುವುದಿಲ್ಲ. ಮಾಸ್ಕಿನಲ್ಲಿ ನೂರಕ್ಕೆ ಹದಿನೈದರಷ್ಟು ಉಳಿಸಿದ ಬಳ್ಳಿ ಪರದೆಯ ಮೇಲೆ ಕಂಡರೂ ಮುದ್ರಣದಲ್ಲಿ ಮಾಯವಾಗುತ್ತದೆ, ನೆರಳಿನ ವಿವರಗಳು ಮಸಿಯಾಗುತ್ತವೆ. ಪುಸ್ತಕಕ್ಕೆ ಹಣ ಕಟ್ಟುವ ಮೊದಲು ಒಂದು ಪುಟವನ್ನು ಹತ್ತಿರದ ಲ್ಯಾಬಿನಲ್ಲಿ ಚಿಕ್ಕ ಅಳತೆಗೆ ತೆಗೆಸಿ, ಹಗಲು ಕಿಟಕಿಯ ಬಳಿ ಹಿಡಿದು ನೋಡುವುದು ವಾಡಿಕೆ. ಕಾಗದ ಆಮ್ಲರಹಿತವಾಗಿದ್ದರೆ ಬೇಗ ಹಳದಿಗಟ್ಟುವುದಿಲ್ಲ.

ಮೂಲ ಫೋಟೊವನ್ನು ಕೆಲಸ ಮುಗಿದ ಮೇಲೆ ಪಾಲಿಪ್ರಾಪಿಲೀನ್ ಚೀಲದಲ್ಲೋ ಆಮ್ಲರಹಿತ ಕಾಗದದ ಲಕೋಟೆಯಲ್ಲೋ ಇಟ್ಟು, ಅಟ್ಟಕ್ಕೆ ಏರಿಸದೆ, ಮಳೆಗಾಲದ ತೇವ ತಗುಲದ ಬೀರುವಿನಲ್ಲಿ ಇಡುತ್ತಾರೆ. ಹಿಂದೆ ಹೆಸರು ಬರೆಯುವುದಿದ್ದರೆ ಬಾಲ್‌ಪೆನ್ ಒತ್ತು ಮುಂದಿನ ಮುಖದ ಮೇಲೆ ಮೂಡುತ್ತದಾದ್ದರಿಂದ ಮೆದು ಪೆನ್ಸಿಲಿನಿಂದ, ಅಂಚಿಗೆ, ಹಗುರವಾಗಿ ಬರೆಯುತ್ತಾರೆ: ಯಾರು, ಯಾವ ಊರು, ಯಾವ ವರ್ಷ, ಮೇಜಿನ ಮೇಲಿನ ಕೈಯಲ್ಲಿರುವ ಉಂಗುರ ಯಾರು ಕೊಟ್ಟದ್ದು.